ಒಂದು ಗಂಟೆಯ ದುಡಿಮೆ, ಒಂದು ದಿನದ ದಂಡ

ನಿರುದ್ಯೋಗಿಗೆ ಭತ್ಯೆ ಕೊಡುವ ದೇಶಗಳು ಪುಣ್ಯವಂತ ದೇಶಗಳೆಂದು ನಮ್ಮಲ್ಲಿ ಅನೇಕರ ಭಾವನೆ. ಪುಣ್ಯವೇನೋ ಹೌದು, ಆದರೆ ಆ ಪುಣ್ಯದ ಲೆಕ್ಕ ಬರೆಯುವವರ ಕೈಗೆ ಸಿಕ್ಕವರ ಪಾಡನ್ನು ಕೇಳಿದವರು ವಿರಳ. ಅಮೆರಿಕೆಯ ನ್ಯೂಯಾರ್ಕ್ ರಾಜ್ಯದಲ್ಲಿ ನೌಕರಿ ಕಳೆದುಕೊಂಡು, ಮತ್ತೊಬ್ಬ ಧಣಿಯ ಬಾಗಿಲು ಕಾಯುವುದಕ್ಕಿಂತ ತಮ್ಮ ವಿದ್ಯೆಯನ್ನೇ ನೆಚ್ಚಿ ಬದುಕೋಣವೆಂದು ಬಿಡಿಗೆಲಸಕ್ಕೆ ಕೈಹಚ್ಚಿದವರು ಬಹುಕಾಲ ಅನುಭವಿಸಿದ ಇಕ್ಕಟ್ಟು ಸಾಮಾನ್ಯವಾದುದಲ್ಲ.

ಪ್ರಕಾಶನ ಸಂಸ್ಥೆಯೊಂದರಲ್ಲಿ ಕರಡು ತಿದ್ದುತ್ತಿದ್ದ ತರುಣಿಯೊಬ್ಬಳನ್ನು ಊಹಿಸಿಕೊಳ್ಳೋಣ. ಕಾಲ 2019ರ ಕೊನೆ. ಸಂಸ್ಥೆ ಆಕೆಯನ್ನು ಕೆಲಸದಿಂದ ಬಿಡಿಸಿತು. ವಾರಕ್ಕೆ 504 ಡಾಲರು, ಎಂದರೆ ಆಗಿನ ಗರಿಷ್ಠ ಭತ್ಯೆ, ಮಂಜೂರಾಯಿತು. ಅಷ್ಟರಲ್ಲಿ ಪರಿಚಿತರೊಬ್ಬರು ಒಂದು ಗಂಟೆಯ ತಿದ್ದುಪಡಿಯ ಕೆಲಸ ತಂದುಕೊಟ್ಟರು. ಪ್ರತಿಫಲ 40 ಡಾಲರು. ಸ್ವತಂತ್ರ ವೃತ್ತಿಯ ಮೊದಲ ಗಳಿಕೆ! ಆದರೆ ನಿಯಮವೇನು? ವಾರದಲ್ಲಿ ಒಂದು ದಿನ ದುಡಿದರೆ ಭತ್ಯೆಯ ಕಾಲುಭಾಗ ಕಡಿತ; ಆ ದಿನ ಹತ್ತು ಗಂಟೆ ದುಡಿದರೂ ಅಷ್ಟೇ, ಒಂದೇ ಗಂಟೆ ದುಡಿದರೂ ಅಷ್ಟೇ. ನಲವತ್ತು ಡಾಲರು ಬಂದಿತು, ನೂರಿಪ್ಪತ್ತಾರು ಹೋಯಿತು. ದುಡಿದ ತಪ್ಪಿಗೆ ಆಕೆ ತೆತ್ತ ದಂಡ 86 ಡಾಲರು. ದಿನಕ್ಕೊಂದು ಗಂಟೆಯಂತೆ ನಾಲ್ಕು ದಿನ ದುಡಿದಿದ್ದರೆ ಆ ವಾರದ ಭತ್ಯೆ ಪೂರ್ಣವಾಗಿ ಮಾಯ!

ಬಲ್ಲವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಬಂದ ಚಿಲ್ಲರೆ ಕೆಲಸಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ದಿನ, ಬೆಳಗಿನಿಂದ ನಡುರಾತ್ರಿಯವರೆಗೆ ಮುಗಿಸಿಬಿಡುವುದು. ಗಿರಾಕಿ ಮಂಗಳವಾರ ಬೇಕೆಂದರೆ ಶುಕ್ರವಾರವೆಂದು ಹೇಳಬೇಕು. ಹೊಸ ಗಿರಾಕಿಯಾದರೆ ಮತ್ತೆ ಬಾರದೆಯೂ ಹೋದಾನು.

ಇಷ್ಟಕ್ಕೇ ಮುಗಿಯಲಿಲ್ಲ. ಲೆಕ್ಕಕ್ಕೆ ಬರುವುದು ದುಡಿದ ದಿನ, ಹಣ ಕೈಸೇರಿದ ದಿನವಲ್ಲ. ಬಿಡಿಗೆಲಸದವರಿಗೆ ಹಣ ಬರುವುದು ಎರಡು ಮೂರು ತಿಂಗಳ ಮೇಲೆ. ಎಷ್ಟೋ ವೇಳೆ ಬರುವುದೂ ಇಲ್ಲ. ಕೆಲಸ ಮುಗಿದ ಮೂವತ್ತು ದಿನಗಳೊಳಗೆ ಹಣ ತೆರಬೇಕೆಂದು ನ್ಯೂಯಾರ್ಕ್ ನಗರವು 2017ರ ಮೇ ತಿಂಗಳಿಂದ ಕಾನೂನನ್ನೇ ಜಾರಿಗೆ ತರಬೇಕಾಯಿತೆಂದರೆ ಬಾಕಿಯ ಪಿಡುಗು ಎಷ್ಟಿದ್ದಿತೆಂಬುದು ತಿಳಿಯುತ್ತದೆ. ಭತ್ಯೆಯಾದರೋ ಆ ವಾರವೇ ಕಡಿತವಾಗುತ್ತಿತ್ತು. ಇಲ್ಲಿ ಪ್ರಾಮಾಣಿಕನಾದವನೇ ಹೆಚ್ಚು ನವೆಯುತ್ತಿದ್ದನು. ಮರೆಮಾಚಿದವನು ಸಿಕ್ಕಿಬಿದ್ದರೆ ಪಡೆದದ್ದನ್ನು ಹಿಂತಿರುಗಿಸಿ ದಂಡವನ್ನೂ ತೆರಬೇಕು.

ಅಧಿಕಾರಿಗಳು ಕಟುಕರೆಂದು ಹೀಗಾಯಿತೆನ್ನಲಾಗದು. ಅಮೆರಿಕೆಯಲ್ಲಿ ಈ ಬಗೆಯ ವಿಮೆಗೆ ಮೊದಲ ಶಾಸನ ಮಾಡಿದುದು ವಿಸ್ಕಾನ್ಸಿನ್ ರಾಜ್ಯ, 1932ರಲ್ಲಿ. 1935ರ ಸಾಮಾಜಿಕ ಭದ್ರತಾ ಶಾಸನದಿಂದ ಅದು ದೇಶವ್ಯಾಪಿಯಾಯಿತು. ಆಗ ಶಾಸನಕಾರರ ಕಣ್ಣಮುಂದಿದ್ದವನು ಕಾರ್ಖಾನೆಯ ಕೂಲಿಗಾರ. ಅವನಿಗೆ ಕೆಲಸವಿದೆ, ಇಲ್ಲವೇ ಇಲ್ಲ. ನಡುವೆ ಮೂರನೆಯ ಸ್ಥಿತಿಯಿಲ್ಲ. ನಿಧಿಗೆ ಹಣ ಬರುವುದು ಮಾಲೀಕರು ತೆರುವ ತೆರಿಗೆಯಿಂದ. ತನಗೆ ತಾನೇ ಮಾಲೀಕನಾದವನಿಗೆ ಆ ಕೋಷ್ಟಕದಲ್ಲಿ ಜಾಗವಾದರೂ ಎಲ್ಲಿ? ಭತ್ಯೆ ಪಡೆಯುತ್ತಲೇ ಸ್ವಂತ ಉದ್ಯಮ ಕಟ್ಟಲು ಅವಕಾಶವೀಯುವ ಯೋಜನೆಯೊಂದು 1993ರಿಂದ ಇದೆ. ನ್ಯೂಯಾರ್ಕ್ ಅದನ್ನು ಅಂಗೀಕರಿಸಿದ ಕೆಲವೇ ರಾಜ್ಯಗಳಲ್ಲೊಂದು. ಆದರೆ ಅದಕ್ಕೆ ಮುಂಚಿತವಾಗಿಯೇ ಅನುಮತಿ ಬೇಕು, ಎಲ್ಲರಿಗೂ ಅದು ದೊರೆಯುವುದಿಲ್ಲ.

2020ರ ಮಹಾಮಾರಿ ಈ ಗೋಡೆಯನ್ನು ಕೆಲಕಾಲ ಒಡೆಯಿತು. ಆ ಮಾರ್ಚಿನ ಶಾಸನ ಸ್ವತಂತ್ರ ವೃತ್ತಿಯವರಿಗೂ ಭತ್ಯೆ ಕೊಟ್ಟಿತು. ವಿಚಿತ್ರವೆಂದರೆ ಎರಡು ದೋಣಿಗಳಲ್ಲಿ ಕಾಲಿಟ್ಟವರು ಅಲ್ಲಿಯೂ ಮುಳುಗಿದರು: ಬಿಡಿಗೆಲಸದಿಂದಲೇ ಮುಖ್ಯವಾಗಿ ಬದುಕಿ, ನಡುವೆ ಅಲ್ಪಸ್ವಲ್ಪ ಸಂಬಳವನ್ನೂ ಪಡೆದವರಿಗೆ ಆ ಸಂಬಳಕ್ಕೆ ತಕ್ಕ ಅಲ್ಪ ಭತ್ಯೆ ಮಾತ್ರ, ಹೊಸ ಭತ್ಯೆಗೆ ಅವರು ಅನರ್ಹರು. ಇವರಿಗೆ ವಾರಕ್ಕೆ 100 ಡಾಲರು ಹೆಚ್ಚಿಗೆ ಕೊಡುವ ಏರ್ಪಾಡಾದುದು ಅದೇ ಡಿಸೆಂಬರಿನಲ್ಲಿ. 2021ರ ಸೆಪ್ಟೆಂಬರಿನಲ್ಲಿ ಎಲ್ಲವೂ ಮುಕ್ತಾಯ.

ಉಳಿದುಬಂದ ಲಾಭವೊಂದುಂಟು. 2021ರಲ್ಲಿ ನ್ಯೂಯಾರ್ಕ್ ದಿನದ ಲೆಕ್ಕವನ್ನು ಬಿಟ್ಟು ಗಂಟೆಯ ಲೆಕ್ಕಕ್ಕೆ ಬಂದಿತು. ಆ ಆಗಸ್ಟಿನ ನಿಯಮದಂತೆ ವಾರಕ್ಕೆ ಹತ್ತು ಗಂಟೆಯವರೆಗಿನ ದುಡಿಮೆಗೆ ಕಡಿತವಿಲ್ಲ. ಕರಡು ತಿದ್ದುವ ತರುಣಿಗೆ ಅಂದೇ ಈ ನಿಯಮವಿದ್ದಿದ್ದರೆ ನಲವತ್ತು ಡಾಲರು ಆಕೆಯದಾಗಿಯೇ ಉಳಿಯುತ್ತಿತ್ತು.

ಈ ಪ್ರಶ್ನೆ ಈಗ ನಮ್ಮ ಮನೆಬಾಗಿಲಿಗೂ ಬಂದಿದೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಉದ್ಘಾಟಿತವಾದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿ ಗೊತ್ತುಮಾಡಿತು. ಸ್ವಯಂ ಉದ್ಯೋಗಿಯಾದವನಿಗೆ ಅದು ಸಲ್ಲದು. ಉದ್ಯೋಗವಿಲ್ಲವೆಂದು ಅಭ್ಯರ್ಥಿಯೇ ಘೋಷಿಸಬೇಕು. ಮದುವೆಯ ದಿನಗಳಲ್ಲಿ ನಾಲ್ಕು ಮನೆಗಳಿಗೆ ಹೋಗಿ ಛಾಯಾಚಿತ್ರ ತೆಗೆದು, ಉಳಿದ ತಿಂಗಳೆಲ್ಲ ಬರಿಗೈಯಲ್ಲಿ ಕುಳಿತ ಪದವೀಧರನು ಆ ಘೋಷಣೆಯಲ್ಲಿ ಏನೆಂದು ಬರೆಯಬೇಕು?