ಬಿಳಿ ಚುಕ್ಕೆಗಳ ಅರ್ಥ ಹೇಳುವವರು ಬೇಕು

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಬಹಿರಂಗ ಪತ್ರ



ಪೆರಿವೆಂಟ್ರಿಕ್ಯುಲರ್ ವೈಟ್ ಮ್ಯಾಟರ್‌ನಲ್ಲಿ ಕೆಲವು ಟಿ2 ಫ್ಲೇರ್ ಹೈಪರ್‌ಇಂಟೆನ್ಸಿಟಿಗಳು, ಡಿಮೈಲಿನೇಷನ್ ಇರಬಹುದೇ, ಕ್ಲಿನಿಕಲ್ ಕೋರಿಲೇಷನ್ ಅಗತ್ಯ. ಮಿದುಳಿನ ಎಂಆರ್‌ಐ ಮಾಡಿಸಿಕೊಂಡು ಬಂದವರ ರಿಪೋರ್ಟಿನ ಕೊನೆಯಲ್ಲಿ ಇಂಥ ಇಂಗ್ಲಿಷ್ ಸಾಲು ಅಪರೂಪವೇನಲ್ಲ. ಬರೆದವರು ರೇಡಿಯಾಲಜಿಸ್ಟ್, ಓದಬೇಕಾದವರು ನರರೋಗ ತಜ್ಞರು. ಆದರೆ ಲಕೋಟೆ ಒಡೆದು ಮೊದಲು ಓದುವುದು ರೋಗಿ, ಇಲ್ಲವೇ ಜೊತೆಗೆ ಬಂದ ಅಣ್ಣನೋ ಗಂಡನೋ. ತಜ್ಞರ ಭೇಟಿಗೆ ಇನ್ನೂ ಎಷ್ಟೋ ದಿನ ಕಾಯಬೇಕಿರುತ್ತದೆ. ಅಷ್ಟರಲ್ಲಿ ಮೊಬೈಲಿನಲ್ಲಿ ಆ ಪದಗಳನ್ನು ಹುಡುಕಿದರೆ ಎದುರಾಗುವ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್, ಅದರ ಪಕ್ಕದಲ್ಲೇ ಗಾಲಿಕುರ್ಚಿಯ ಚಿತ್ರ.

ರಿಪೋರ್ಟು ಕೈಗೆ ಬಂದ ದಿನಕ್ಕೂ ರೋಗಕ್ಕೆ ಸರಿಯಾದ ಹೆಸರು ಸಿಗುವ ದಿನಕ್ಕೂ ನಡುವೆ ರೋಗಿಯ ಕೈಹಿಡಿಯುವವರು ಇಲ್ಲ. ಈ ಪತ್ರ ಅದರ ಬಗ್ಗೆ.

ಎಂಎಸ್ ಎಂದು ಕರೆಯುವ ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳನ್ನು ಸುತ್ತಿರುವ ಮಯಲಿನ್ ಪೊರೆಯ ಮೇಲೆ ಎರಗುತ್ತದೆ. ಮಿದುಳು, ಬೆನ್ನುಹುರಿ, ದೃಷ್ಟಿನರ, ಎಲ್ಲಿ ಪೆಟ್ಟು ಬಿತ್ತೋ ಅದಕ್ಕೆ ತಕ್ಕ ಲಕ್ಷಣ: ಒಂದು ಕಣ್ಣು ಮಂಜಾಗುವುದು, ಸೊಂಟದಿಂದ ಕೆಳಗೆ ಜೋಮು, ನಡಿಗೆ ತೂರಾಡುವುದು, ಮೂತ್ರ ತಡೆಯಲಾಗದಿರುವುದು, ನಿದ್ದೆ ಮಾಡಿದರೂ ಇಳಿಯದ ಸುಸ್ತು. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತದೆ. ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮದುವೆ, ಬಾಣಂತನ, ಹೊಸ ನೌಕರಿಯ ವಯಸ್ಸು ಅದು. ಸುಸ್ತು ಎಂದರೆ ರಕ್ತ ಕಡಿಮೆ, ಜೋಮು ಎಂದರೆ ನರ ವೀಕು, ಕಣ್ಣೀರು ಬಂದರೆ ಟೆನ್ಶನ್ ಎಂಬ ಉತ್ತರಗಳು ಮನೆಯಲ್ಲೂ ಕ್ಲಿನಿಕ್ಕಿನಲ್ಲೂ ತಯಾರಾಗಿಯೇ ಇರುತ್ತವೆ. ಅದಕ್ಕೆ ಸರಿಯಾಗಿ, ಬಹಳಷ್ಟು ಜನರಲ್ಲಿ ಮೊದಲ ಲಕ್ಷಣಗಳು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿದುಹೋಗುತ್ತವೆ. ವಾಸಿಯಾಯಿತು ಎಂದು ಎಲ್ಲರೂ ಮರೆಯುತ್ತಾರೆ.

ಇಂಗ್ಲೆಂಡಿನ ದೊರೆ ಮೂರನೇ ಜಾರ್ಜನ ಮೊಮ್ಮಗ ಅಗಸ್ಟಸ್ ಡೆಸ್ಟೆಗೂ ಹೀಗೇ ಆಗಿತ್ತು. 1822ರಲ್ಲಿ ಆಪ್ತರೊಬ್ಬರ ಅಂತ್ಯಕ್ರಿಯೆಯ ನಂತರ ಬಂದ ಕಾಗದಗಳನ್ನು ಓದಲಾರದಷ್ಟು ಕಣ್ಣು ಮಂಜಾಯಿತೆಂದೂ ಆಮೇಲೆ ತಾನಾಗಿ ತಿಳಿಯಾಯಿತೆಂದೂ ಆತ ದಿನಚರಿಯಲ್ಲಿ ಬರೆದಿಟ್ಟ. ಮುಂದಿನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಕಾಲು ಸೋತದ್ದು, ವಸ್ತುಗಳು ಎರಡೆರಡಾಗಿ ಕಂಡದ್ದು ಎಲ್ಲವೂ ಅಲ್ಲಿ ದಾಖಲಾಗಿವೆ. 1848ರಲ್ಲಿ ಆತ ತೀರಿಕೊಂಡಾಗ ಕಾಯಿಲೆಗೆ ಹೆಸರಿರಲಿಲ್ಲ. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಝಾನ್ ಮಾರ್ಟಿನ್ ಶಾರ್ಕೊ ಅದನ್ನು ಪ್ರತ್ಯೇಕ ರೋಗವೆಂದು ವಿವರಿಸಿದ್ದು 1868ರಲ್ಲಿ. ಹೆಸರು ಬಂದ ಮಾತ್ರಕ್ಕೆ ವಿಳಂಬ ತಪ್ಪಲಿಲ್ಲ. ಹಾಲಿವುಡ್ ನಟಿ ಸೆಲ್ಮಾ ಬ್ಲೇರ್ ತಮಗೆ ಎಂಎಸ್ ಇದೆ ಎಂದು 2018ರಲ್ಲಿ ಪ್ರಕಟಿಸಿದಾಗ, ಬಹುಶಃ ಕನಿಷ್ಠ 15 ವರ್ಷಗಳಿಂದ ಅದು ತಮ್ಮೊಳಗೆ ಇದ್ದಿರಬೇಕು ಎಂದರು. ದುಡ್ಡು, ದೊಡ್ಡ ಆಸ್ಪತ್ರೆ ಎರಡೂ ಕೈಗೆಟುಕುವವರ ಕಥೆಯೇ ಹೀಗಾದರೆ ಬೀದರಿನ ಹಳ್ಳಿಯಲ್ಲೋ ಚಾಮರಾಜನಗರದ ಹಾಡಿಯಲ್ಲೋ ಇರುವ ಹೆಣ್ಣುಮಗಳ ಪಾಡು ತಮಗೆ ಬಿಡಿಸಿ ಹೇಳಬೇಕಿಲ್ಲ.

ಎಂಆರ್‌ಐ ಬಂದ ಮೇಲೆ ಚಿತ್ರ ಬದಲಾಯಿತು ನಿಜ. 1981ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ತಂಡ, ಸಿಟಿ ಸ್ಕ್ಯಾನಿನಲ್ಲಿ ಕಾಣದೇ ಉಳಿಯುತ್ತಿದ್ದ ಎಂಎಸ್ ಕಲೆಗಳನ್ನು ಎಂಆರ್‌ಐನಲ್ಲಿ ತೋರಿಸಿತು. ಆದರೆ ಅಂದಿನಿಂದ ಒಂದು ತಪ್ಪು ನಂಬಿಕೆಯೂ ಬೆಳೆದಿದೆ: ಸ್ಕ್ಯಾನ್ ಮಾಡಿಸಿದರೆ ಕಾಯಿಲೆ ಇದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ ಎಂಬುದು. ಹಾಗಾಗುವುದಿಲ್ಲ. ಮೈಗ್ರೇನ್, ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಬರೀ ವಯಸ್ಸು, ಇವೆಲ್ಲವೂ ಮಿದುಳಿನ ಬಿಳಿಭಾಗದಲ್ಲಿ ಚುಕ್ಕೆಗಳನ್ನು ಮೂಡಿಸಬಲ್ಲವು. ಫ್ಲೇರ್ ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಅವೂ ಬೆಳ್ಳಗೆ ಹೊಳೆಯುತ್ತವೆ. ಅಮೆರಿಕದ ಲಾಸ್ ಏಂಜಲಿಸ್‌ನ ಎರಡು ದೊಡ್ಡ ಎಂಎಸ್ ಕೇಂದ್ರಗಳಿಗೆ ಎಂಎಸ್ ಎಂಬ ಹಣೆಪಟ್ಟಿಯೊಂದಿಗೆ ಬಂದ 241 ಹೊಸ ರೋಗಿಗಳನ್ನು ತಜ್ಞರು ಮರುಪರಿಶೀಲಿಸಿದಾಗ 43 ಮಂದಿಗೆ ಆ ಕಾಯಿಲೆಯೇ ಇರಲಿಲ್ಲ. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಎಂಎಸ್ ಎಂದು ತಪ್ಪಾಗಿ ತಿಳಿದ ಕಾಯಿಲೆಗಳಲ್ಲಿ ಮೈಗ್ರೇನ್‌ನದೇ ಮೊದಲ ಸ್ಥಾನ. ಅಂದರೆ ತಪ್ಪು ಎರಡೂ ಕಡೆಗೆ ಆಗುತ್ತದೆ. ಇದ್ದವರಿಗೆ ವರ್ಷಗಟ್ಟಲೆ ಹೆಸರು ಸಿಗುವುದಿಲ್ಲ, ಇಲ್ಲದವರು ಬಲವಾದ ಔಷಧಗಳನ್ನು ನುಂಗುತ್ತಾರೆ.

ಚುಕ್ಕೆ ಎಷ್ಟಿವೆ ಎಂಬುದಕ್ಕಿಂತ ಎಲ್ಲಿವೆ, ಎಂದಿನವು ಎಂಬುದು ಮುಖ್ಯ. ನ್ಯೂಜಿಲೆಂಡ್ ಮೂಲದ ನರವೈದ್ಯ ಇಯಾನ್ ಮೆಕ್‌ಡೊನಾಲ್ಡ್ ಅವರ ಹೆಸರಿನಲ್ಲಿ 2001ರಲ್ಲಿ ರೂಪುಗೊಂಡು 2005, 2010, 2017 ಮತ್ತು 2024ರಲ್ಲಿ ಪರಿಷ್ಕೃತವಾದ ಮಾನದಂಡಗಳು ಇದನ್ನೇ ಕೇಳುತ್ತವೆ. ಮಿದುಳಿನೊಳಗಿನ ನೀರು ತುಂಬಿದ ಕುಹರಗಳ ಅಂಚು, ಮಿದುಳಿನ ಹೊರಪದರ ಅಥವಾ ಅದರ ಮಗ್ಗುಲು, ಮಿದುಳಿನ ಕಾಂಡ ಮತ್ತು ಕಿರುಮಿದುಳು, ಬೆನ್ನುಹುರಿ, 2024ರಿಂದ ದೃಷ್ಟಿನರವೂ ಸೇರಿ, ಈ ತಾಣಗಳಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಕಲೆ ಇದೆಯೇ? ಬೇರೆಬೇರೆ ಕಾಲದಲ್ಲಿ ಆಗಿವೆಯೇ (2024ರಿಂದ ಇದು ಎಲ್ಲರಿಗೂ ಕಡ್ಡಾಯವಲ್ಲ)? ಗ್ಯಾಡೋಲಿನಿಯಂ ಇಂಜೆಕ್ಷನ್ ಕೊಟ್ಟಾಗ ಹೊಳೆಯುವ ಕಲೆ ಹೊಸದು, ಹೊಳೆಯದ್ದು ಸಾಮಾನ್ಯವಾಗಿ ಹಳೆಯದು. ಬೆನ್ನಿನಿಂದ ನೀರು ತೆಗೆದು ಪ್ರತಿಕಾಯಗಳ ಗುರುತಾದ ಆಲಿಗೋಕ್ಲೋನಲ್ ಬ್ಯಾಂಡ್‌ಗಳಿವೆಯೇ ಎಂದು ನೋಡುವುದೂ ದೊಡ್ಡ ಆಧಾರ. ಇಷ್ಟೆಲ್ಲ ಹೊಂದಿದ ಮೇಲೂ ಇದಕ್ಕಿಂತ ಚೆನ್ನಾಗಿ ಒಪ್ಪುವ ಬೇರೆ ಕಾಯಿಲೆ ಇಲ್ಲ ಎಂದು ಖಾತ್ರಿಯಾಗಬೇಕು. ರೋಗಿಯನ್ನು ಕೂರಿಸಿ ಮಾತಾಡಿಸದೆ, ಮಂಡಿಗೆ ಸುತ್ತಿಗೆ ತಟ್ಟಿ ನೋಡದೆ, ಬರೀ ಫಿಲಂ ನೋಡಿ ಹೇಳುವ ಮಾತಲ್ಲ ಇದು. ರಿಪೋರ್ಟಿನಲ್ಲಿ ಕ್ಲಿನಿಕಲ್ ಕೋರಿಲೇಷನ್ ಎಂದು ಬರೆಯುವುದು ಆ ಕಾರಣಕ್ಕೇ. ರೇಡಿಯಾಲಜಿಸ್ಟ್ ಕೈತೊಳೆದುಕೊಂಡಿದ್ದಾರೆ ಎಂದು ರೋಗಿಗಳು ಭಾವಿಸುವುದುಂಟು, ಅದು ಸರಿಯಲ್ಲ.

ನಮ್ಮ ನಾಡಿನಲ್ಲಿ ಈ ‘ಬೇರೆ ಕಾಯಿಲೆ’ಯ ಪಟ್ಟಿ ಇನ್ನೂ ಉದ್ದ. ಮಿದುಳಿನ ಕ್ಷಯ, ಲಾಡಿಹುಳದ ಗಂಟು, ಬಿ12 ಕೊರತೆಯಿಂದ ಬೆನ್ನುಹುರಿಗೆ ಆಗುವ ಹಾನಿ. ಕೊನೆಯದನ್ನು ಒಂದು ರಕ್ತಪರೀಕ್ಷೆಯಲ್ಲಿ ಹಿಡಿಯಬಹುದು, ಬೇಗ ಹಿಡಿದರೆ ಇಂಜೆಕ್ಷನ್‌ನಲ್ಲಿ ಬಹುಪಾಲು ಸರಿಪಡಿಸಲೂಬಹುದು. ಇನ್ನೊಂದು ನ್ಯೂರೋಮಯಲೈಟಿಸ್ ಆಪ್ಟಿಕಾ, ಅಂದರೆ ಎನ್‌ಎಂಒ. ಎಂಎಸ್ ಥರವೇ ಕಾಣುವ ಇದರ ಗುರುತಾದ ಅಕ್ವಾಪೊರಿನ್-4 ಪ್ರತಿಕಾಯ ಪತ್ತೆಯಾದದ್ದು 2004ರಲ್ಲಿ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೋಲಿಮಾಡ್‌ನಂಥ ಔಷಧಗಳು ಎನ್‌ಎಂಒ ರೋಗಿಯನ್ನು ಇನ್ನಷ್ಟು ಕುಸಿಯುವಂತೆ ಮಾಡಬಹುದು. ಹೆಸರು ತಪ್ಪಿದರೆ ಮದ್ದೇ ಮುಳುವಾಗುತ್ತದೆ.

ಈ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆಯ ಆಸ್ತಿಯಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಎಂಎಸ್ ಹಾಗೂ ಅದನ್ನು ಹೋಲುವ ಕಾಯಿಲೆಗಳ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ. 2014ರಲ್ಲಿ ಪ್ರಕಟವಾದ ಅವರ ಸಮೀಕ್ಷೆಯ ಪ್ರಕಾರ ಮಂಗಳೂರಿನಲ್ಲಿ ಲಕ್ಷ ಜನರಿಗೆ ಎಂಟರ ಆಸುಪಾಸಿನಲ್ಲಿ ಎಂಎಸ್ ರೋಗಿಗಳಿದ್ದಾರೆ. ಎಂಎಸ್ ಬಿಳಿಯರ ಕಾಯಿಲೆ, ನಮ್ಮಲ್ಲಿ ಇಲ್ಲ ಎಂಬ ಹಳೆಯ ಮಾತಿಗೆ ಇನ್ನು ಜಾಗವಿಲ್ಲ. ಕೊರತೆ ಇರುವುದು ಈ ಜ್ಞಾನ ಜಿಲ್ಲೆಗಳಿಗೆ ತಲುಪುವ ದಾರಿಯಲ್ಲಿ.

ಹೊಸ ಕಟ್ಟಡವೇನೂ ಬೇಕಿಲ್ಲ, ಸಚಿವರೇ. ನಿಮ್ಹಾನ್ಸ್ ಜೊತೆಗೂಡಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ನಗರದ ದಕ್ಷಿಣ ಭಾಗದಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ತಮ್ಮ ಇಲಾಖೆಯದೇ. ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಮರೆಗುಳಿ ರೋಗಗಳಿಗೆಂದು ವೈದ್ಯರಿಗೆ ಅಲ್ಲಿ ತರಬೇತಿ ಸಿಕ್ಕಿದೆ. ಅದೇ ತರಬೇತಿಗೆ ಒಂದು ಪಾಠ ಸೇರಲಿ: ನೋವಿನೊಂದಿಗೆ ಒಂದೇ ಕಣ್ಣು ಮಂಜಾದ, ಸೊಂಟದಿಂದ ಕೆಳಗೆ ದಿನಗಟ್ಟಲೆ ಜೋಮು ಹಿಡಿದ ಹರೆಯದವರನ್ನು ನರ ವೀಕೆಂದು ವಿಟಮಿನ್ ಮಾತ್ರೆ ಕೊಟ್ಟು ಕಳಿಸದೆ ನರರೋಗ ತಜ್ಞರಿಗೆ ತೋರಿಸುವುದು.

ಎರಡನೆಯ ಕೋರಿಕೆ ಸ್ಕ್ಯಾನಿನದು. ಎಂಎಸ್ ಅನುಮಾನವಿದ್ದಾಗ ಹೇಗೆ ಸ್ಕ್ಯಾನ್ ಮಾಡಬೇಕು ಎಂಬುದಕ್ಕೆ 2021ರ ಅಂತರರಾಷ್ಟ್ರೀಯ ತಜ್ಞರ ಶಿಫಾರಸುಗಳಿವೆ. ತೆಳು ಪದರಗಳ ತ್ರಿಆಯಾಮದ ಫ್ಲೇರ್ ಅವುಗಳಲ್ಲಿ ಮುಖ್ಯವಾದದ್ದು. ಸರ್ಕಾರಿ ಎಂಆರ್‌ಐ ಕೇಂದ್ರಗಳಲ್ಲೂ ಸರ್ಕಾರ ಹಣ ತೆರುವ ಖಾಸಗಿ ಕೇಂದ್ರಗಳಲ್ಲೂ ಇದು ಕಡ್ಡಾಯವಾಗಲಿ. ಮತ್ತೆ, ಪ್ರತಿ ರೋಗಿಗೂ ಫಿಲಂ ಜೊತೆಗೆ ಮೂಲ ಡಿಜಿಟಲ್ ಚಿತ್ರಗಳು ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಸಿಗಲಿ. ವರ್ಷ ಕಳೆದು ಇನ್ನೊಂದು ಸ್ಕ್ಯಾನ್ ಆದಾಗ ಹೊಸ ಕಲೆ ಬಂದಿದೆಯೇ ಎಂದು ಹೇಳಲು ಹಳೆಯದರ ಜೊತೆ ಪದರಕ್ಕೆ ಪದರ ಹೋಲಿಸಬೇಕು. ಮಡಿಸಿ ಬೀರುವಿನಲ್ಲಿಟ್ಟ ಫಿಲಮ್ಮಿನಿಂದ ಅದು ಆಗದ ಕೆಲಸ. ರಿಪೋರ್ಟಿನ ಜೊತೆ ಕನ್ನಡದಲ್ಲಿ ಅರ್ಧ ಪುಟದ ವಿವರಣೆಯೂ ಇರಲಿ: ಈ ಚುಕ್ಕೆಗಳಿಗೆ ಹಲವು ಕಾರಣಗಳುಂಟು, ಇದನ್ನು ಇಂಥ ವೈದ್ಯರಿಗೆ ಇಂತಿಷ್ಟು ದಿನದೊಳಗೆ ತೋರಿಸಿ, ನಡುವೆ ಕಣ್ಣು ಮಂಜಾದರೆ, ಕಾಲು ಸೋತರೆ, ಮೂತ್ರ ಕಟ್ಟಿದರೆ ಕಾಯದೆ ಬನ್ನಿ.

ರೋಗ ಖಚಿತವಾದವರಿಗೆ ಇನ್ನೊಂದು ಬಾಗಿಲು ತೆರೆಯಬೇಕಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಎಂಎಸ್ ಅನ್ನು ಹೆಸರಿಸಿಯೇ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಒಂದು ತಿಂಗಳು ಕೋಲು ಹಿಡಿದು ಮರುತಿಂಗಳು ಕೋಲಿಲ್ಲದೆ ನಡೆಯುವ, ಹೊರಗೆ ಗಟ್ಟಿಯಾಗಿ ಕಂಡರೂ ಮಧ್ಯಾಹ್ನಕ್ಕೆ ನಿತ್ರಾಣವಾಗುವ ಶಿಕ್ಷಕಿಯನ್ನು ವೈದ್ಯಕೀಯ ಮಂಡಳಿ ಹೇಗೆ ಅಳೆಯಬೇಕು? ಕೈಕಾಲಿನ ಬಲ ನೋಡಿದರಷ್ಟೇ ಸಾಲದು. ಪ್ರಮಾಣಪತ್ರ ಕೊಡುವ ಮಂಡಳಿಗಳಲ್ಲಿ ನರರೋಗ ತಜ್ಞರಿರಲಿ, ಇಲ್ಲದ ಜಿಲ್ಲೆಗಳಿಗೆ ವಿಡಿಯೊ ಮೂಲಕವಾದರೂ ಒಬ್ಬರು ಸಿಗಲಿ.

ಮೇ 30 ವಿಶ್ವ ಎಂಎಸ್ ದಿನ. ಮುಂದಿನ ಆ ದಿನದೊಳಗೆ ಸ್ಕ್ಯಾನ್ ವಿಧಾನ, ಡಿಜಿಟಲ್ ಪ್ರತಿ, ಕನ್ನಡ ವಿವರಣೆ ಈ ಮೂರಕ್ಕೂ ಒಂದೇ ಸುತ್ತೋಲೆ ಹೊರಡಿಸುವುದು ಇಲಾಖೆಗೆ ಭಾರವಾಗದು. ಕರಡು ತಯಾರಿಸಲು ನಿಮ್ಹಾನ್ಸ್ ಮತ್ತು ಮಂಗಳೂರಿನ ತಜ್ಞರ ಜೊತೆಗೆ, ಬೆಂಗಳೂರಿನಲ್ಲೂ ಶಾಖೆ ಇರುವ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಮೂಲಕ ಇಬ್ಬರು ಮೂವರು ರೋಗಿಗಳನ್ನೂ ಕರೆಸಿಕೊಳ್ಳಬೇಕೆಂದು ಕೋರಿಕೆ. ರಿಪೋರ್ಟಿನ ಯಾವ ಸಾಲಿನಲ್ಲಿ ಓದುಗ ತಡವರಿಸುತ್ತಾನೆ ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ಹೇಳಬಲ್ಲವರು ಇನ್ನಾರೂ ಇಲ್ಲ.