ಬೀರುವಿನ ಮೇಲಣ ಹೆಸರು

ಮದುವೆಯ ಕಾಲ ಬಂದೊಡನೆ ನಮ್ಮ ಹ್ಯಾಂಡ್‌ಪೋಸ್ಟಿನ ದಾರಿಯಲ್ಲಿ ಮಂಚ, ಹಾಸಿಗೆ, ಬೀರುಗಳನ್ನು ಹೇರಿಕೊಂಡ ವಾಹನಗಳು ಸಾಗುವುದನ್ನು ನಾವು ವರ್ಷ ವರ್ಷವೂ ಕಾಣುತ್ತೇವೆ. ತವರಿನವರು ಪ್ರೀತಿಯಿಂದ ಕೊಟ್ಟುದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಬೀರು ಹೊಸಿಲು ದಾಟಿದೊಡನೆ, “ಅವಳಿಗೆ ಸಲ್ಲಬೇಕಾದುದು ಸಂದಿತು” ಎಂಬ ಮಾತೊಂದು ಹೊರಡುತ್ತದಷ್ಟೆ. ಆ ಮಾತನ್ನು ಕುರಿತು ಪೋಷಕರಲ್ಲಿಯೂ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದೆರಡು ವಿಚಾರಗಳನ್ನು ಅರಿಕೆಮಾಡುವೆವು.

ಅಮೆರಿಕದ ಮಿಷಿಗನ್ ಸಂಸ್ಥಾನದ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿ ಸುಮಾರು 1715ರಲ್ಲಿ ಮಾಡಿದ ಮರದ ಬೀರುವೊಂದಿದೆ. ಮೇಲೆ ಕಪಾಟು, ಕೆಳಗೆ ಎಳೆದು ತೆಗೆಯುವ ಖಾನೆಗಳು, ಮೈತುಂಬ ಬಣ್ಣದ ಬಳ್ಳಿ ಹೂಗಳು. ಅದರ ಮುಂಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಹ್ಯಾನಾ ಬಾರ್ನರ್ಡ್’ ಎಂದು ಬರೆದಿದೆ. ಆಕೆ ಮ್ಯಾಸಚೂಸೆಟ್ಸಿನ ಹ್ಯಾಡ್ಲಿ ಎಂಬ ಊರಿನವಳು. 1715ರಲ್ಲಿ ವಿವಾಹವಾಗಿ, 1717ರಲ್ಲಿ ಹೆಣ್ಣುಕೂಸೊಂದನ್ನು ಹೆತ್ತು ತೀರಿಕೊಂಡಳು. ಬೀರು ಆ ಮಗಳಿಗೆ ಬಂದಿತು. ಮಗಳು ತನ್ನ ಮಗಳಿಗೂ ಹ್ಯಾನಾ ಬಾರ್ನರ್ಡ್ ಎಂದೇ ಹೆಸರಿಟ್ಟಳು. ತಾನು ನೋಡಿಯೇ ಅರಿಯದ ತಾಯಿಯ ಹೆಸರನ್ನು ಮಗಳು ಮರದಿಂದ ಓದಿ ಉಳಿಸಿದಳೆಂದು ನಾವು ಭಾವಿಸುತ್ತೇವೆ.

ಕಥೆ ಹೃದಯಂಗಮವಾದುದೇ ಸರಿ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಆ ಕಾಲದ ಆ ನಾಡಿನಲ್ಲಿ ಹೊಲ ಗದ್ದೆಗಳು ಬಹುಮಟ್ಟಿಗೆ ಗಂಡುಮಕ್ಕಳ ಪಾಲು. ಹೆಣ್ಣುಮಕ್ಕಳಿಗೆ ಪೆಟ್ಟಿಗೆ, ಪಾತ್ರೆ, ಬಟ್ಟೆ, ಹಸು. ಭೂಮಿಯ ಮೇಲೆ ಹೆಸರು ಬರೆಯಿಸುವ ದಾರಿಯಿಲ್ಲದವಳು ಮರದ ಮೇಲೆ ಬರೆಯಿಸಿದಳು.

ಮುನ್ನೂರು ವರ್ಷಗಳು ಕಳೆದರೂ ನಮ್ಮ ಹೆಣ್ಣುಮಕ್ಕಳಿಗೆ ಬೀರುವೇ ಕೊನೆಯ ಪಾಲೇ? ಅರಣ್ಯಕಾಂಡದ 27ನೆಯ ಅಧ್ಯಾಯವನ್ನು ನಮ್ಮ ಶಾಲೆಯಲ್ಲಿ ಓದಿದವರು ಮರೆತಿರಲಾರರು. ಗಂಡು ಸಂತಾನವಿಲ್ಲದ ತಂದೆಯ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ಸ್ವಾಸ್ತ್ಯವನ್ನು ಕೇಳಿದರು. ಅವರ ಬೇಡಿಕೆ ನ್ಯಾಯವಾದುದೆಂದು ದೇವರೇ ತೀರ್ಪುಕೊಟ್ಟನು. ನಮ್ಮ ಕಾನೂನೂ ಹಿಂದೆ ಬಿದ್ದಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ, ಮರಣಶಾಸನ ಬರೆಯದೆ ತೀರಿಕೊಂಡ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಹಿಂದೂ ಉತ್ತರಾಧಿಕಾರ ಕಾನೂನು ಅನ್ವಯಿಸುವ ಮನೆಗಳಲ್ಲಿ, 2005ರ ತಿದ್ದುಪಡಿಯಿಂದ ವಿವಾಹಿತೆಯಾದ ಮಗಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಾನ ಹಕ್ಕುಂಟು.

ಆದರೂ ನಡೆಯುವುದೇನು? ಬೀರು ಕೊಟ್ಟ ಕೈಯೇ ಕೆಲವು ವರ್ಷಗಳ ಮೇಲೆ ಹಕ್ಕು ಬಿಡುಗಡೆಯ ಪತ್ರವನ್ನು ಮುಂದೆ ಹಿಡಿಯುತ್ತದೆ. ತವರಿನ ಬಾಗಿಲು ಎಲ್ಲಿ ಮುಚ್ಚೀತೋ ಎಂಬ ಅಂಜಿಕೆಯಿಂದ ಮಗಳು ರುಜುಹಾಕುತ್ತಾಳೆ. ಅಕ್ಷರ ಕಲಿತವಳು ಬರೆಯುವ ಅತಿ ದುಬಾರಿಯಾದ ಅಕ್ಷರಗಳು ಅವೇ.

ಒಡಹುಟ್ಟಿದವರೊಡನೆ ಕಲಹಕ್ಕೆ ನಿಲ್ಲಿರೆಂದು ನಾವು ಬೋಧಿಸುವುದಿಲ್ಲ. ಮನಸ್ಸಾರೆ ಬಿಟ್ಟುಕೊಡುವುದು ಬೇರೆ, ಅಂಜಿ ಬಿಟ್ಟುಕೊಡುವುದು ಬೇರೆ. ಪೋಷಕರೇ, ಪಾಲಿನ ಮಾತನ್ನು ನೀವು ಬದುಕಿರುವಾಗಲೇ, ಮಗಳನ್ನೂ ಕೂರಿಸಿಕೊಂಡು ಆಡಿರಿ. ಹಳೆಯ ವಿದ್ಯಾರ್ಥಿನಿಯರೇ, ಓದದೆ ಯಾವ ಕಾಗದಕ್ಕೂ ರುಜುಹಾಕಬೇಡಿರಿ. ನಿಮ್ಮ ಹೆಸರನ್ನು ನಮ್ಮ ದಾಖಲಾತಿ ಪುಸ್ತಕದಲ್ಲಿ ಅಕ್ಕರೆಯಿಂದ ಬರೆದುಕೊಂಡವರು ನಾವು. ಅದು ಬೀರುವಿನ ಬಾಗಿಲಿನಲ್ಲಿ ನಿಲ್ಲದೆ ಪಹಣಿಯವರೆಗೂ ಹೋಗಲೆಂಬುದೇ ನಮ್ಮ ಪ್ರಾರ್ಥನೆ.