ಟೀಕೆ ಆಟಕ್ಕಿರಲಿ, ಆಟಗಾರನ ಮನೆಗೆ ಬೇಡ

ಫುಟ್ಬಾಲ್ ಇರಲಿ, ಐಪಿಎಲ್ ಇರಲಿ, ನೆಚ್ಚಿನ ತಂಡ ಸೋತ ರಾತ್ರಿ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ನಮ್ಮ ಮನೆಗಳಲ್ಲೂ ಕೇಳುವ ಮಾತು ಒಂದೇ: "ಅಷ್ಟು ಕೋಟಿ ತಗೊಂಡು ಆಡಿದ್ದು ಇಷ್ಟೇನಾ?" ಮಾತು ಅಲ್ಲಿಗೇ ನಿಂತರೆ ತೊಂದರೆಯಿಲ್ಲ. ಈಗ ಅದು ಮೊಬೈಲಿಗೆ ಹೋಗುತ್ತದೆ. ಆಟಗಾರನ ಹೆಂಡತಿ, ತಾಯಿ, ಧರ್ಮ ಎಲ್ಲವೂ ಬೈಗುಳಕ್ಕೆ ಸಿಗುತ್ತವೆ. ಬೈಯುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ.

ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಅವರನ್ನೇ ನೋಡಿ. 2022ರಲ್ಲಿ ಲಕ್ನೋ ತಂಡ ಅವರಿಗೆ ಕೊಟ್ಟದ್ದು 17 ಕೋಟಿ ರೂ. 2023ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯ ವಿರುದ್ಧದ ಟೆಸ್ಟ್‌ಗಳಲ್ಲಿ 20, 17, 1 ರನ್ ಗಳಿಸಿ ತಂಡದಿಂದ ಹೊರಬಿದ್ದರು. 2024ರ ಮೇ 8ರಂದು ಹೈದರಾಬಾದ್ ವಿರುದ್ಧ 33 ಎಸೆತಗಳಲ್ಲಿ 29 ರನ್ ಮಾಡಿದರು; ಎದುರಾಳಿ 9.4 ಓವರ್‌ಗಳಲ್ಲೇ ಪಂದ್ಯ ಮುಗಿಸಿತು. ನಿಧಾನದ ಆಟ ಎಂದು ಟೀಕಿಸಿದ್ದರಲ್ಲಿ ತಪ್ಪಿಲ್ಲ. ಟೆಸ್ಟ್‌ನಲ್ಲಿ ಸೋತಾಗ ಕನ್ನಡಿಗ ವೆಂಕಟೇಶ್ ಪ್ರಸಾದ್ ಅವರೇ ಬಹಿರಂಗವಾಗಿ ಪ್ರಶ್ನಿಸಿದ್ದರು. ಮರುವರ್ಷ 14 ಕೋಟಿಗೆ ದೆಹಲಿ ಸೇರಿದ ಅದೇ ರಾಹುಲ್ 539 ರನ್ ಗಳಿಸಿದರು. ಟೀಕೆಗೆ ಬ್ಯಾಟ್ ಉತ್ತರ ಕೊಡಬಹುದು. ಮನೆಯವರಿಗೆ ಬಿದ್ದ ಬೈಗುಳಕ್ಕೆ ಯಾರು ಉತ್ತರ ಕೊಡುತ್ತಾರೆ?

ಇನ್ನೊಂದು ಮಾತು. ಬೆಲೆ ಕಟ್ಟಿದ್ದು ತಂಡದವರು, ಆಟಗಾರನಲ್ಲ. 2016ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಪಾಲ್ ಪೋಗ್ಬಾ ಅವರಿಗಾಗಿ 8.9 ಕೋಟಿ ಪೌಂಡ್ ಕೊಟ್ಟಿತು, ಆಗ ಅದು ವಿಶ್ವದಾಖಲೆ. ಆ ಹಣ ಸಂದಾಯವಾದದ್ದು ಅವರ ಹಳೆಯ ಕ್ಲಬ್ ಯುವೆಂಟಸ್‌ಗೆ. ಆದರೆ 2022ರ ಏಪ್ರಿಲ್‌ನಲ್ಲಿ ಸ್ವಂತ ಮೈದಾನದಲ್ಲೇ, ಸ್ವಂತ ಅಭಿಮಾನಿಗಳಿಂದಲೇ ಛೀಮಾರಿ ಹಾಕಿಸಿಕೊಂಡದ್ದು ಪೋಗ್ಬಾ. ಆ ಲೆಕ್ಕ ಹಾಕಿದ್ದು ಅವರಲ್ಲ.

2021ರ ಅಕ್ಟೋಬರ್ 24 ನಮಗೆ ಮರೆತಿಲ್ಲ. ದುಬೈಯಲ್ಲಿ ಭಾರತ ಪಾಕಿಸ್ತಾನಕ್ಕೆ 10 ವಿಕೆಟ್‌ಗಳಿಂದ ಸೋತಿತು. ಆಡಿದ್ದು ಹನ್ನೊಂದು ಮಂದಿ, ದ್ರೋಹಿ ಎಂಬ ಹಣೆಪಟ್ಟಿ ಬಿದ್ದದ್ದು ಮುಹಮ್ಮದ್ ಶಮಿ ಒಬ್ಬರಿಗೆ. ಅಂದು ನಮ್ಮ ಮನೆಮನೆಯಲ್ಲೂ ಸಂಕಟವಾಗಿತ್ತು. ನಾಯಕ ವಿರಾಟ್ ಕೊಹ್ಲಿ ಶಮಿ ಪರ ಗಟ್ಟಿಯಾಗಿ ನಿಂತಾಗ ಸಮಾಧಾನವೂ ಆಗಿತ್ತು. ಶಮಿ ವಿಷಯದಲ್ಲಿ ನೊಂದ ನಾವು ಬೇರೆಯವರ ವಿಷಯದಲ್ಲಿ ಅದೇ ನಾಲಿಗೆ ಹರಿಬಿಟ್ಟರೆ, ಅಂದಿನ ನಮ್ಮ ನೋವಿಗೆ ಏನು ಬೆಲೆ?

ಒಬ್ಬರನ್ನೊಬ್ಬರು ಅಪಹಾಸ್ಯ ಮಾಡಬೇಡಿ, ಕೆಟ್ಟ ಅಡ್ಡಹೆಸರಿನಿಂದ ಕರೆಯಬೇಡಿ ಎಂದು ಪವಿತ್ರ ಕುರ್‌ಆನ್‌ನ ಸೂರಃ ಹುಜುರಾತ್ ನಮಗೆ ಕಲಿಸುತ್ತದೆ. ಮದ್ರಸದಲ್ಲಿ ಅದನ್ನು ಓದಿದ ಹುಡುಗ ರಾತ್ರಿ ಮೊಬೈಲಿನಲ್ಲಿ ಅದಕ್ಕೆ ವಿರುದ್ಧವಾದುದನ್ನೇ ಬರೆಯುತ್ತಿದ್ದರೆ ತಪ್ಪು ಅವನೊಬ್ಬನದಲ್ಲ. ಉಮ್ಮ, ಅಪ್ಪ, ಉಸ್ತಾದರು ಒಮ್ಮೆ ಪಕ್ಕದಲ್ಲಿ ಕೂತು ಕೇಳಬೇಕು: "ಏನು ಬರೆದೆ ಮೋನೆ, ತೋರಿಸು." ಸಿಟ್ಟಿನ ಹಿಂದೆ ಪಣ ಕಟ್ಟಿ ಕಳೆದ ಹಣವಿದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ. ಜೂಜು ಹರಾಮ್ ಎಂಬುದನ್ನು ಬೇರೆ ಹೇಳಬೇಕಿಲ್ಲ.

ದೊಡ್ಡವರೂ ಕಲಿಯುವುದಿದೆ. ಊರಿನ ಟೂರ್ನಿಯಲ್ಲಿ ಪೆನಾಲ್ಟಿ ತಪ್ಪಿಸಿದ ಹದಿನಾರರ ಹುಡುಗನಿಗೆ ಗೆರೆಯಾಚೆಯಿಂದ ನಾವು ಏನು ಕೂಗುತ್ತೇವೆ? ಅವನು ಕೋಟಿ ಬಿಡಿ, ಬೂಟಿಗೂ ಸಾಲ ಮಾಡಿ ಬಂದವನಾಗಿರಬಹುದು. ನಾಳೆ ಅವನ ಹೆಗಲ ಮೇಲೆ ಕೈಯಿಟ್ಟು "ಪರವಾಗಿಲ್ಲ, ಮುಂದಿನ ಸಲ" ಅನ್ನೋಣ. ಪಕ್ಕದಲ್ಲಿ ನಿಂತ ಮಕ್ಕಳು ಅದನ್ನೇ ನೋಡಿ ಕಲಿಯುತ್ತಾರೆ.